ಆದಿಲಶಾಹಿಯಲ್ಲಿ ಬಹುಜನ ಪಾಲಕತ್ವ: ಒಂದು ವಿಮರ್ಶೆ

೧

ತನ್ನ ವ್ಯವಹಾರವನ್ನು ತಾನೇ ನೋಡಿಕೊಳ್ಳಲಾರದವನ ಪರವಾಗಿ ಮತ್ತೊಬ್ಬರು ನೋಡಿಕೊಳ್ಳುವುದು ಸಮಾಜದಷ್ಟೇ ಹಳೆಯದಾದ ಏರ್ಪಾಡು. ಅರಸನು ಶಿಶುವಾಗಿದ್ದರೆ ರಾಜ್ಯಕ್ಕೆ ಪಾಲಕನು ಬೇಕು. ಒಕ್ಕಲಿಗನು ಹಾಸಿಗೆ ಹಿಡಿದರೆ ಹೊಲಕ್ಕೆ ಮುಖತ್ಯಾರನು ಬೇಕು. ಎರಡೂ ಸಂದರ್ಭಗಳಲ್ಲಿ ಅಧಿಕಾರ ಕೊಡುವವನ ಮನಸ್ಸಿನಲ್ಲಿ ಮೊದಲು ಏಳುವ ಭಯ ಒಂದೇ: ಎಲ್ಲವನ್ನೂ ಒಬ್ಬನ ಕೈಗೆ ಕೊಟ್ಟರೆ ಅವನು ನುಂಗಿಬಿಟ್ಟಾನು. ಆದಕಾರಣ ಇಬ್ಬರಿಗೋ ಮೂವರಿಗೋ ಕೊಡೋಣವೆಂಬ ವಿಚಾರ ಬರುತ್ತದೆ. ಅದರ ಬೆನ್ನಿಗೇ ಎರಡನೆಯ ಭಯವೂ ಹುಟ್ಟುತ್ತದೆ: ಹಲವರಿಗೆ ಕೊಟ್ಟರೆ ಅವರು ಜಗಳಾಡಿ ಕೆಲಸವೇ ನಿಂತುಹೋದೀತು.

ವಿಜಯಪುರದ ಇತಿಹಾಸವನ್ನು ಓದುವವರಿಗೆ ಈ ಎರಡು ಭಯಗಳೂ ಹೊಸವಲ್ಲ. ಆದಿಲಶಾಹಿ ಸಿಂಹಾಸನದ ಮೇಲೆ ಮೂರು ಸಲ ಬಾಲಕರು ಕುಳಿತರು: ೧೫೧೦ರಲ್ಲಿ ಇಸ್ಮಾಯಿಲ, ೧೫೮೦ರಲ್ಲಿ ಎರಡನೆಯ ಇಬ್ರಾಹಿಮ, ೧೬೭೨ರಲ್ಲಿ ಸಿಕಂದರ. ಇಂದು ನ್ಯಾಯಾಲಯದಲ್ಲಿ ವಾದಿಸುವವನಿಗೆ ನಾವು ಬಳಸುವ ‘ವಕೀಲ’ ಎಂಬ ಮಾತು ಬಹಮನಿ ಮತ್ತು ಆದಿಲಶಾಹಿ ಆಸ್ಥಾನಗಳಲ್ಲಿ ಅರಸನ ಪರವಾಗಿ ರಾಜ್ಯಭಾರ ನಡೆಸುವವನ ಪದವಿಯ ಹೆಸರಾಗಿತ್ತು. ‘ಮುಖತ್ಯಾರ’ ಎಂಬುದೂ ಅದೇ ಅರಬ್ಬಿ-ಫಾರಸಿ ಭಂಡಾರದಿಂದ ನಮ್ಮ ಕಾಗದಪತ್ರಗಳಿಗೆ ಇಳಿದುಬಂದ ಮಾತು. ಹೀಗೆ ದೊರೆಯ ಪಾಲಕನಿಗೂ ರೈತನ ಮುಖತ್ಯಾರನಿಗೂ ಶಬ್ದದಲ್ಲಿಯೇ ನಂಟುಂಟು.

ಈ ವಿಷಯದತ್ತ ಲೇಖಕನ ಗಮನ ಹರಿಯಲು ಕಾರಣವಾದ ಪ್ರಸಂಗವೊಂದನ್ನು ಹೇಳುವುದು ಅಪ್ರಸ್ತುತವಾಗಲಾರದು. ಬಬಲೇಶ್ವರದ ಕಡೆಯ ನಮ್ಮ ಹಿರಿಯ ಬಂಧುಗಳೊಬ್ಬರು ತಮ್ಮ ಇಬ್ಬರು ಮಕ್ಕಳ ಹೆಸರಿನಲ್ಲಿ ಮುಖತ್ಯಾರ ಪತ್ರ ಬರೆದುಕೊಟ್ಟಿದ್ದರು. ಒಬ್ಬನು ಊರಿನಲ್ಲಿ ಹೊಲ ನೋಡುತ್ತಿದ್ದನು, ಇನ್ನೊಬ್ಬನು ಪುಣೆಯಲ್ಲಿ ನೌಕರಿಯಲ್ಲಿದ್ದನು. ಇಬ್ಬರೂ ಕೂಡಿಯೇ ಸಹಿ ಮಾಡಬೇಕೋ, ಯಾರೊಬ್ಬರು ಮಾಡಿದರೂ ನಡೆದೀತೋ ಎಂಬುದನ್ನು ಪತ್ರವು ಹೇಳಿರಲಿಲ್ಲ. ಹಿರಿಯರು ಪಾರ್ಶ್ವವಾಯುವಿಗೆ ತುತ್ತಾಗಿ ಮಾತನ್ನೂ ಅರಿವನ್ನೂ ಕಳೆದುಕೊಂಡಾಗ ಬ್ಯಾಂಕಿನವರು ಮೊದಲು ಇಬ್ಬರ ಸಹಿಯನ್ನೂ ಕೇಳಿದರು; ಬಳಿಕ, ಕೊಟ್ಟವರಿಗೇ ಅರಿವಿಲ್ಲವಾದ ಮೇಲೆ ಈ ಪತ್ರವೇ ನಡೆಯದೆಂದರು. ಅಷ್ಟರಲ್ಲಿ ಅಣ್ಣತಮ್ಮಂದಿರ ನಡುವೆ ಮಾತು ನಿಂತಿತ್ತು. ಅವರಿಬ್ಬರಲ್ಲಿ ಯಾರೂ ಕೆಟ್ಟವರಲ್ಲವೆಂಬುದನ್ನು ನಾವು ಬಲ್ಲೆವು. ಆದರೂ ಊರವರು ‘ಮಕ್ಕಳು ಒಳ್ಳೆಯವರಾಗಿದ್ದರೆ ಹೀಗಾಗುತ್ತಿರಲಿಲ್ಲ’ ಎಂದೇ ಆಡಿಕೊಂಡರು. ನಮ್ಮ ಇತಿಹಾಸಕಾರರು ಆದಿಲಶಾಹಿ ಪಾಲಕರನ್ನು ಕುರಿತು ಹೇಳುವ ಮಾತೂ ಹೆಚ್ಚುಕಡಿಮೆ ಇದೇ ಎಂಬುದು ಆಗ ಹೊಳೆಯಿತು. ಆ ತೀರ್ಪು ಎಷ್ಟರಮಟ್ಟಿಗೆ ನಿಲ್ಲುತ್ತದೆಂಬುದನ್ನು ಪರೀಕ್ಷಿಸುವುದೇ ಪ್ರಕೃತ ಲೇಖನದ ಉದ್ದೇಶ.

೨

ಪಾಲಕರ ಕಲಹಗಳಿಗೆ ಸಾಮಾನ್ಯವಾಗಿ ಎರಡು ಕಾರಣಗಳನ್ನು ಹೇಳುವ ವಾಡಿಕೆಯಿದೆ. ಒಂದು, ವ್ಯಕ್ತಿಗಳ ಅಧಿಕಾರಲೋಭ. ಎರಡು, ದಖನಿ, ಆಫಾಕಿ, ಹಬ್ಶಿ, ಅಫಘಾನ ಎಂಬ ಪಕ್ಷಗಳ ವೈರ. ಮೊದಲನೆಯದು ಫಾರಸಿ ಚರಿತ್ರಕಾರರಿಂದ ಬಂದುದು. ಎರಡನೆಯದನ್ನು ಆಧುನಿಕ ವಿದ್ವಾಂಸರು ಅದಕ್ಕೆ ಕೂಡಿಸಿ ವಿಸ್ತರಿಸಿದ್ದಾರೆ.

ಫರಿಸ್ತಾನ ಸಾಕ್ಷ್ಯವು ಬಹು ಮುಖ್ಯವಾದುದಾದರೂ ಅದರ ಮಿತಿಯನ್ನು ಮರೆಯಲಾಗದು. ಅವನು ಬಿಜಾಪುರಕ್ಕೆ ಬಂದದ್ದು ೧೫೮೯ರಲ್ಲಿ. ೧೫೮೦ರಿಂದ ೧೫೮೨ರವರೆಗಿನ ಗೊಂದಲವನ್ನು ಅವನು ಕಣ್ಣಾರೆ ಕಂಡವನಲ್ಲ. ದಿಲಾವರಖಾನನ ಆಳ್ವಿಕೆಯ ಕೊನೆಯ ಭಾಗವನ್ನು ಮಾತ್ರ ಬಲ್ಲವನು. ಅಲ್ಲದೆ ದಿಲಾವರಖಾನನನ್ನು ಹೊರದೂಡಿ ಸ್ವತಂತ್ರನಾದ ಇಬ್ರಾಹಿಮನ ಆಶ್ರಯದಲ್ಲಿಯೇ ಅವನು ತನ್ನ ಗ್ರಂಥವನ್ನು ರಚಿಸಿದನು. ಪ್ರಭುವಿನ ಬಾಲ್ಯವನ್ನು ಬರೆಯುವ ಆಸ್ಥಾನ ಲೇಖಕನಿಗೆ ಪಾಲಕರೆಲ್ಲ ದುಷ್ಟರಾಗಿ ಕಾಣುವುದು ಸಹಜ. ಅವರು ದುಷ್ಟರಾದಷ್ಟೂ ಪ್ರಭುವಿನ ಪ್ರೌಢಿಮೆ ಬೆಳಗುತ್ತದೆ. ಅದೇ ಕಾಲದಲ್ಲಿ ಬಿಜಾಪುರದ ಸೇವೆಯಲ್ಲಿದ್ದ ರಫೀಉದ್ದೀನ ಶಿರಾಜಿಯ ‘ತಜ್ಕಿರತ್-ಉಲ್-ಮುಲೂಕ್’ ಗ್ರಂಥವನ್ನು ಇದರ ಜೊತೆಗಿಟ್ಟು ಓದುವುದು ಆವಶ್ಯಕ. ಸಿಕಂದರನ ಕಾಲಕ್ಕೆ ನಾವು ಬಹುವಾಗಿ ಅವಲಂಬಿಸುವ ‘ಬಸಾತೀನ್-ಉಸ್-ಸಲಾತೀನ್’ ಅಂತೂ ರಾಜ್ಯವು ಅಳಿದು ನೂರು ವರ್ಷಗಳಿಗೂ ಮೇಲ್ಪಟ್ಟು ಕಳೆದ ಬಳಿಕ, ೧೯ನೆಯ ಶತಮಾನದಲ್ಲಿ ರಚಿತವಾದದ್ದು. ಪತನದ ಕಥೆಯನ್ನು ಹಿಂದಿನಿಂದ ಮುಂದಕ್ಕೆ ಹೇಳುವವನು ಪತನಕ್ಕೆ ಪಾಪಿಗಳನ್ನು ಹುಡುಕುತ್ತಾನೆ.

ಪಕ್ಷಗಳ ವಾದವು ಇದಕ್ಕಿಂತ ಬಲವಾದುದು. ಪಕ್ಷಗಳು ಇದ್ದವು, ವೈರವೂ ಇತ್ತು; ಇದರಲ್ಲಿ ಸಂಶಯವಿಲ್ಲ. ಆದರೆ ಸಮರ್ಥ ಅರಸರ ಕಾಲದಲ್ಲಿಯೂ ಈ ಪಕ್ಷಗಳಿದ್ದವು. ಆಗ ರಾಜ್ಯ ಬೆಳೆಯಿತು. ಸದಾ ಇದ್ದ ಕಾರಣವೊಂದು ಕೆಲವು ವೇಳೆ ಮಾತ್ರ ಅನರ್ಥವನ್ನು ಏಕೆ ತಂದಿತೆಂಬ ಪ್ರಶ್ನೆಗೆ ಈ ವಾದದಲ್ಲಿ ಉತ್ತರವಿಲ್ಲ. ಪಕ್ಷವೈರವು ಉರುವಲು, ಒಲೆ ಯಾವುದೆಂಬುದನ್ನು ಬೇರೆಯಾಗಿಯೇ ನೋಡಬೇಕು. ಅಧಿಕಾರವನ್ನು ಕೊಟ್ಟ ರೀತಿಯಲ್ಲಿಯೇ ಆ ಒಲೆಯಿತ್ತೆಂಬುದು ನಮ್ಮ ಅಭಿಪ್ರಾಯ.

೩

ಹೋಲಿಕೆಗಾಗಿ ಮೊದಲು ಬಹಮನಿ ರಾಜ್ಯದ ನಿದರ್ಶನವನ್ನು ತೆಗೆದುಕೊಳ್ಳಬಹುದು. ೧೪೬೧ರಲ್ಲಿ ಹುಮಾಯೂನಶಹನು ತೀರಿಕೊಂಡಾಗ ಅವನ ಮಗ ನಿಜಾಮಶಹನು ಎಂಟು ವರ್ಷದ ಬಾಲಕ. ರಾಜಮಾತೆ, ಖ್ವಾಜಾ ಜಹಾನ ತುರ್ಕ ಮತ್ತು ಮಹಮೂದ ಗವಾನ ಈ ಮೂವರು ಕೂಡಿ ರಾಜ್ಯವನ್ನು ನಡೆಸಿದರು. ಇಬ್ಬರು ಮಂತ್ರಿಗಳಿಗೂ ಬೇರೆ ಬೇರೆ ಪದವಿಗಳಿದ್ದವು, ಬೇರೆ ಬೇರೆ ಪ್ರಾಂತಗಳಿದ್ದವು. ಬಿಜಾಪುರ ಪ್ರಾಂತವು ಗವಾನನ ಪಾಲಿನದಾಗಿತ್ತು. ಆದರೆ ರಾಜ್ಯದ ದೊಡ್ಡ ವಿಷಯಗಳಲ್ಲಿ ಕೊನೆಯ ಮಾತು ರಾಜಮಾತೆಯದು. ಈ ಏರ್ಪಾಡು ಕೂಡಲೇ ಕಠಿಣ ಪರೀಕ್ಷೆಗೆ ಒಳಗಾಯಿತು. ಒಡಿಶಾದ ಸೈನ್ಯವೂ ಮಾಳವದ ಸುಲ್ತಾನನೂ ಒಂದರ ಹಿಂದೊಂದು ಏರಿಬಂದರು. ೧೪೬೨ರಲ್ಲಿ ಬೀದರ ನಗರವೇ ಮಾಳವದವರ ಕೈಗೆ ಸಿಕ್ಕಿತು. ಬಾಲರಾಜನನ್ನು ಫಿರೋಜಾಬಾದಿಗೆ ಸಾಗಿಸಲಾಯಿತು. ಗುಜರಾತಿನ ನೆರವು ಬಂದಿತು. ಗವಾನನು ಮುಂದುವರಿದು ಶತ್ರುವನ್ನು ಹಿಮ್ಮೆಟ್ಟಿಸಿದನು. ರಾಜಧಾನಿ ಹೋದರೂ ಪಾಲಕಮಂಡಲ ಒಡೆಯಲಿಲ್ಲ.

ಅದು ಒಡೆದದ್ದು ಮುಂದೆ, ಮೂರನೆಯ ಮುಹಮ್ಮದನ ಬಾಲ್ಯದಲ್ಲಿ. ಖ್ವಾಜಾ ಜಹಾನನು ಗವಾನನನ್ನು ಗಡಿಯ ಕಾರ್ಯಗಳಲ್ಲಿ ತೊಡಗಿಸಿ ದೂರವಿಟ್ಟು ಆಸ್ಥಾನವನ್ನು ತಾನೊಬ್ಬನೇ ಹಿಡಿದನು. ಮೂವರ ಅಧಿಕಾರವು ಹೆಸರಿಗೆ ಮೂವರದಾಗಿ ಉಳಿದು ವಾಸ್ತವದಲ್ಲಿ ಒಬ್ಬನದಾದಾಗ ರಾಜಮಾತೆಯು ಅವನನ್ನು ದರ್ಬಾರಿನಲ್ಲಿಯೇ ಕೊಲ್ಲಿಸಿದಳು. ಪಾಲಕನನ್ನು ತೆಗೆಯುವುದಕ್ಕೆ ಕೊಲೆಯ ಹೊರತು ಬೇರೆ ದಾರಿಯೇ ಇರಲಿಲ್ಲವೆಂಬುದನ್ನು ಇಲ್ಲಿ ಗಮನಿಸಬೇಕು.

ಆದಿಲಶಾಹಿಯ ಮೊದಲನೆಯ ಪಾಲಕತ್ವವು ಒಬ್ಬನದು. ೧೫೧೦ರಲ್ಲಿ ಯೂಸುಫನು ಮೃತನಾದಾಗ ಕಮಾಲಖಾನ ದಖನಿಯ ಕೈಗೆ ಎಲ್ಲ ಅಧಿಕಾರವೂ ಬಂದಿತು. ಅವನ ಮೇಲೆ ಯಾರೂ ಇರಲಿಲ್ಲ, ಅವನ ಜೊತೆಗೂ ಯಾರೂ ಇರಲಿಲ್ಲ. ಸಿಂಹಾಸನವನ್ನೇ ಕಬಳಿಸಲು ಅವನು ಹೊಂಚುಹಾಕಿದನು. ಇಸ್ಮಾಯಿಲನ ತಾಯಿಯ ಜಾಣ್ಮೆ ಮತ್ತು ಧೈರ್ಯಗಳಿಂದ ಅವನು ಹತನಾಗಿ ವಂಶ ಉಳಿಯಿತು. ಒಬ್ಬನನ್ನೇ ನಂಬುವುದರ ಅಪಾಯಕ್ಕೆ ಇದಕ್ಕಿಂತ ಸ್ಪಷ್ಟವಾದ ದೃಷ್ಟಾಂತ ಬೇಡ.

೧೫೮೦ರ ಕಥೆ ಹೆಚ್ಚು ಜಟಿಲವಾದುದು. ಒಂದನೆಯ ಅಲಿ ಆದಿಲಶಹನು ಕೊಲೆಯಾದಾಗ ಇಬ್ರಾಹಿಮನು ಒಂಬತ್ತು ವರ್ಷದವನು. ಬಾಲಕನ ಪೋಷಣೆ ಅಲಿಯ ಪತ್ನಿ ಚಾಂದಬೀಬಿಯ ಪಾಲಿಗೂ ರಾಜ್ಯದ ಆಡಳಿತ ಕಾಮಿಲಖಾನ ದಖನಿಯ ಪಾಲಿಗೂ ಬಂದವು. ಎರಡು ಜವಾಬ್ದಾರಿಗಳನ್ನು ಬೇರ್ಪಡಿಸಿದ್ದು ಒಳ್ಳೆಯದೇ. ಆದರೆ ಇಬ್ಬರ ನಡುವೆ ಭೇದ ಬಂದರೆ ಯಾರ ಮಾತು ನಡೆಯಬೇಕೆಂಬುದು ಎಲ್ಲಿಯೂ ನಿಶ್ಚಿತವಾಗಿರಲಿಲ್ಲ. ಫಲವಾಗಿ ಪ್ರತಿಯೊಂದು ಭೇದವೂ ರಕ್ತಪಾತದಲ್ಲಿ ಮುಗಿಯಿತು. ಕಾಮಿಲಖಾನನು ರಾಣಿಯನ್ನು ಅನಾದರಿಸಿದನು. ರಾಣಿ ಹಾಜಿ ಕಿಶ್ವರಖಾನನ ಮೂಲಕ ಅವನನ್ನು ತೆಗೆಸಿದಳು. ಕಿಶ್ವರಖಾನನು ಅದೇ ರಾಣಿಯನ್ನು ಸಾತಾರೆಯ ಕೋಟೆಯಲ್ಲಿ ಸೆರೆಯಿಟ್ಟನು. ಇಖ್ಲಾಸಖಾನ, ಹಮೀದಖಾನ, ದಿಲಾವರಖಾನ ಎಂಬ ಮೂವರು ಹಬ್ಶಿ ಸರದಾರರು ಅವನನ್ನು ಓಡಿಸಿ ರಾಣಿಯನ್ನು ಮರಳಿ ತಂದರು.

ಈ ಮೂವರ ಆಡಳಿತದ ಕಾಲದಲ್ಲಿಯೇ, ೧೫೮೧ರಲ್ಲಿ, ಅಹಮದನಗರ ಮತ್ತು ಗೋಲಕೊಂಡೆಯ ಸೈನ್ಯಗಳು ಬಿಜಾಪುರವನ್ನು ಮುತ್ತಿದವು. ಮೂವರ ಅಪ್ಪಣೆಯಲ್ಲಿ ಕಾದಲು ಹಲವು ಸರದಾರರು ಒಪ್ಪಲಿಲ್ಲ. ಆಗ ಈ ಮೂವರು ತಮ್ಮ ಅಧಿಕಾರವನ್ನು ಚಾಂದಬೀಬಿಗೆ ಒಪ್ಪಿಸಿದರು. ಅವಳು ಶಾಹ ಅಬುಲ್ ಹಸನನನ್ನು ಆ ಸ್ಥಾನಕ್ಕೆ ತಂದಳು. ಅವನು ಮರಾಠಾ ಸವಾರರನ್ನು ಮರಳಿ ಕರೆಯಿಸಿದನು; ಅವರು ಶತ್ರುವಿನ ಆಹಾರಸಾಮಗ್ರಿಯ ದಾರಿಗಳನ್ನು ಕಡಿದರು; ಮುತ್ತಿಗೆ ತೆರವಾಯಿತು. ಚಾಂದಬೀಬಿಯ ಶೌರ್ಯವನ್ನು ಹೊಗಳುವ ಲೇಖಕರು ಈ ಸಣ್ಣ ಸಂಗತಿಯನ್ನು ಸಾಮಾನ್ಯವಾಗಿ ದಾಟಿಹೋಗುತ್ತಾರೆ. ನಮ್ಮ ದೃಷ್ಟಿಯಿಂದ ಶೌರ್ಯಕ್ಕಿಂತ ಇದೇ ದೊಡ್ಡದು. ಕೊಟ್ಟ ಅಧಿಕಾರವನ್ನು ಕೊಲೆಯಿಲ್ಲದೆ ಹಿಂದಕ್ಕೆ ಪಡೆದು ಇನ್ನೊಬ್ಬನಿಗೆ ಕೊಟ್ಟ ಅಪರೂಪದ ಪ್ರಸಂಗ ಇದು. ಪಾಲಕರ ಮೇಲೆ ಒಂದು ಮಾನ್ಯವಾದ ಸ್ಥಾನವಿದ್ದುದರಿಂದಲೇ ಇದು ಸಾಧ್ಯವಾಯಿತು.

ಆ ಸ್ಥಾನವು ದುರ್ಬಲವಾದೊಡನೆ ಹಳೆಯ ರೀತಿ ಮರಳಿತು. ದಿಲಾವರಖಾನನು ಇಖ್ಲಾಸಖಾನನ ಕಣ್ಣು ಕೀಳಿಸಿದನು. ಅಬುಲ್ ಹಸನನಿಗೂ ಅದೇ ಗತಿಯಾಯಿತು. ೧೫೮೪ರಲ್ಲಿ ಚಾಂದಬೀಬಿ ಅಹಮದನಗರಕ್ಕೆ ಹೊರಟುಹೋದಳು. ದಿಲಾವರಖಾನನು ೧೫೯೦ರವರೆಗೆ ಏಕಾಕಿಯಾಗಿ ಆಳಿದನು; ದಕ್ಷತೆಯಿಂದಲೇ ಆಳಿದನೆಂದು ಒಪ್ಪಬೇಕು. ಆದರೆ ಅಧಿಕಾರವನ್ನು ಯಾವಾಗ ಒಪ್ಪಿಸಬೇಕೆಂಬ ಅವಧಿ ಅವನಿಗೆ ಇರಲಿಲ್ಲ. ಯುವಕನಾದ ಇಬ್ರಾಹಿಮನು ತಂತ್ರದಿಂದ ಅವನನ್ನು ಓಡಿಸಿದನು. ಮರಳಿ ಬಂದಾಗ ಅವನ ಕಣ್ಣುಗಳನ್ನೂ ಕೀಳಿಸಲಾಯಿತು.

೪

ಮೂರನೆಯ ಪ್ರಸಂಗವೇ ನಮ್ಮ ವಿಷಯಕ್ಕೆ ಅತ್ಯಂತ ಸಮೀಪವಾದುದು. ಏಕೆಂದರೆ ಇಲ್ಲಿ ಅಧಿಕಾರವನ್ನು ಹಲವರಿಗೆ ಹಂಚುವ ಯೋಜನೆಯನ್ನು ಬುದ್ಧಿಪೂರ್ವಕವಾಗಿ ಮಾಡಲಾಗಿತ್ತು.

೧೬೭೨ರಲ್ಲಿ ಎರಡನೆಯ ಅಲಿ ಆದಿಲಶಹನು ಮರಣಶಯ್ಯೆಯಲ್ಲಿದ್ದನು. ಮಗ ಸಿಕಂದರನಿಗೆ ನಾಲ್ಕು ವರ್ಷ. ಅರಸನು ಮಂತ್ರಿ ಅಬ್ದುಲ್ ಮುಹಮ್ಮದನನ್ನು ಕರೆದು ಪಾಲಕತ್ವವನ್ನು ಒಪ್ಪಿಕೊಳ್ಳೆಂದನು. ಅವನು ಒಲ್ಲೆನೆಂದು ಒಂದು ಹಂಚಿಕೆಯನ್ನು ಸೂಚಿಸಿದನು. ಖವಾಸಖಾನನು ರಾಜಧಾನಿಯಲ್ಲಿ ಬಾಲರಾಜನ ಬಳಿ ಇರಬೇಕು. ಅಬ್ದುಲ್ ಮುಹಮ್ಮದನು ಕಲಬುರ್ಗಿಯ ಕಡೆ ಮೊಗಲರಿಗೆ ಎದುರಾಗಿ ನಿಲ್ಲಬೇಕು. ಅಬ್ದುಲ್ ಕರೀಮ ಬಹಲೋಲಖಾನನು ಪನ್ಹಾಳದ ಕಡೆ ಶಿವಾಜಿಗೆ ಎದುರಾಗಿ ನಿಲ್ಲಬೇಕು. ದಕ್ಷಿಣದ ಸೀಮೆ ಮುಜಫ್ಫರಖಾನನ ಪಾಲು. ಕಾಗದದ ಮೇಲೆ ಇದು ವಿವೇಕದ ಯೋಜನೆ. ಒಬ್ಬನೇ ಎಲ್ಲವನ್ನೂ ನುಂಗುವಂತಿಲ್ಲ. ಪ್ರತಿಯೊಬ್ಬನಿಗೂ ಅವನ ಬಲಕ್ಕೆ ತಕ್ಕ ಕೆಲಸ.

ಅಲಿಯು ಕಣ್ಮುಚ್ಚಿದ ಮೇಲೆ ಖವಾಸಖಾನನು ಪ್ರಾಂತಗಳನ್ನು ಉಳಿದವರಿಗೆ ಬಿಟ್ಟುಕೊಡಲು ಮನಸ್ಸು ಮಾಡಲಿಲ್ಲ. ಯೋಜನೆ ಅಲ್ಲಿಯೇ ಕುಸಿಯಿತು. ೧೬೭೩ರ ಮಾರ್ಚಿಯಲ್ಲಿ ಪನ್ಹಾಳವು ಶಿವಾಜಿಯ ವಶವಾಯಿತು. ಅದೇ ವರ್ಷ ಸಾತಾರೆಯೂ ಹೋಯಿತು. ೧೬೭೫ರಲ್ಲಿ ಖವಾಸಖಾನನು ಅಫಘಾನರನ್ನು ಹತ್ತಿಕ್ಕುವುದಕ್ಕಾಗಿ ಭೀಮಾ ತೀರದಲ್ಲಿ ಮೊಗಲ ಸುಭೇದಾರನೊಡನೆ ಒಪ್ಪಂದ ಮಾಡಿಕೊಂಡನು. ಇದನ್ನರಿತ ಬಹಲೋಲಖಾನನು ನವೆಂಬರದಲ್ಲಿ ಅವನನ್ನು ಔತಣಕ್ಕೆ ಕರೆದು ಸೆರೆಹಿಡಿದನು. ೧೬೭೬ರ ಜನವರಿಯಲ್ಲಿ ಅವನ ಕೊಲೆಯಾಯಿತು. ಬಹಲೋಲಖಾನನು ೧೬೭೭ರ ಕೊನೆಯಲ್ಲಿ ತೀರಿಕೊಂಡನು; ಸಿದ್ದಿ ಮಸೂದನು ಐದಾರು ವರ್ಷ ಏಗಿ ೧೬೮೩ರಲ್ಲಿ ಬೇಸತ್ತು ಅದವಾನಿಗೆ ಹೋಗಿಬಿಟ್ಟನು. ೧೬೮೫ರಲ್ಲಿ ಮೊಗಲರ ಮುತ್ತಿಗೆ ಬಿದ್ದಿತು. ೧೬೮೬ರ ಸೆಪ್ಟೆಂಬರದಲ್ಲಿ ಹದಿನೆಂಟು ವರ್ಷದ ಸಿಕಂದರನು ಔರಂಗಜೇಬನಿಗೆ ಶರಣಾದನು. ಆಳುವ ವಯಸ್ಸು ಬಂದಾಗ ಅವನಿಗೆ ಆಳಲು ರಾಜ್ಯವೇ ಉಳಿದಿರಲಿಲ್ಲ. ಮುತ್ತಿಗೆಯ ಜೊತೆಗೆ ಬಂದ ಕ್ಷಾಮದ ಭಾರವನ್ನು ಹೊತ್ತವರು ಪಾಲಕರಲ್ಲ, ನಗರದ ಜನ ಮತ್ತು ಸುತ್ತಲಿನ ಹಳ್ಳಿಗಳ ಒಕ್ಕಲಿಗರು.

ಇಲ್ಲಿ ದೋಷವೆಲ್ಲಿದೆ? ಖವಾಸಖಾನನ ಲೋಭದಲ್ಲಿ ಎನ್ನುವುದು ಸುಲಭ. ಆದರೆ ಯೋಜನೆಯನ್ನು ಒಂದು ಅಧಿಕಾರಪತ್ರದಂತೆ ಓದಿದರೆ ಅದರಲ್ಲಿ ನಾಲ್ಕು ಕೊರತೆಗಳು ಎದ್ದು ಕಾಣುತ್ತವೆ. ಮೊದಲನೆಯದಾಗಿ, ಉಳಿದ ಮೂವರ ಅಧಿಕಾರವು ಜೀವ ತಳೆಯುವುದು ನಾಲ್ಕನೆಯವನು ಬಿಟ್ಟುಕೊಟ್ಟರೆ ಮಾತ್ರ. ಬಿಡಿಸುವವರು ಯಾರೂ ಇರಲಿಲ್ಲ. ಎರಡನೆಯದಾಗಿ, ಪ್ರದೇಶಗಳನ್ನು ಹಂಚಿದರೇ ಹೊರತು ಎಲ್ಲರೂ ಕೂಡಿಯೇ ನಿರ್ಧರಿಸಬೇಕಾದ ವಿಷಯಗಳು ಯಾವುವೆಂದು ಹೇಳಲಿಲ್ಲ. ಮೊಗಲರೊಡನೆ ಸಂಧಿಯು ಒಬ್ಬನು ಮಾಡತಕ್ಕ ಕಾರ್ಯವೋ ನಾಲ್ವರು ಕೂಡಿ ಮಾಡತಕ್ಕದ್ದೋ? ಖವಾಸಖಾನನು ಅದನ್ನು ತನ್ನೊಬ್ಬನದೆಂದು ತಿಳಿದನು. ಅದರಿಂದಲೇ ಅವನು ಅಳಿದನು. ಮೂರನೆಯದಾಗಿ, ಒಬ್ಬನು ಸತ್ತರೆ ಅಥವಾ ಬಿಟ್ಟುಹೋದರೆ ಅವನ ಸ್ಥಾನಕ್ಕೆ ಯಾರು ಎಂಬ ಮಾತಿರಲಿಲ್ಲ. ಪ್ರತಿ ಸಲವೂ ಬಲಾತ್ಕಾರವೇ ಉತ್ತರವಾಯಿತು. ನಾಲ್ಕನೆಯದಾಗಿ, ಲೆಕ್ಕ ಕೇಳುವವರಿರಲಿಲ್ಲ. ೧೪೬೧ರ ರಾಜಮಾತೆಗಾಗಲಿ ೧೫೮೧ರ ಚಾಂದಬೀಬಿಗಾಗಲಿ ಸಮಾನವಾದ ಸ್ಥಾನವೊಂದು ೧೬೭೨ರ ಹಂಚಿಕೆಯಲ್ಲಿ ಇಲ್ಲ. ಹೀಗಿರುವಲ್ಲಿ ನಾಲ್ವರೂ ಸಜ್ಜನರಾಗಿದ್ದರೂ ಅವರೊಳಗೆ ಶಂಕೆ ಹುಟ್ಟದೆ ಇರುತ್ತಿರಲಿಲ್ಲ. ಏಕೆಂದರೆ ಇನ್ನೊಬ್ಬನು ಏನು ಮಾಡಿಯಾನೆಂಬುದಕ್ಕೆ ಯಾರಿಗೂ ಆಧಾರವಿರಲಿಲ್ಲ.

ಈ ವಾದಕ್ಕೆ ಒಂದು ಆಕ್ಷೇಪವುಂಟು. ಕತ್ತಿ ಹಿಡಿದವನನ್ನು ಕಾಗದ ತಡೆದೀತೆ? ಎಲ್ಲವನ್ನೂ ಬರೆದಿಟ್ಟಿದ್ದರೂ ಖವಾಸಖಾನನು ಮುರಿಯುತ್ತಿರಲಿಲ್ಲವೆ? ಈ ಆಕ್ಷೇಪದಲ್ಲಿ ಹುರುಳಿದೆ. ಬರಹಕ್ಕೆ ಹಿಂದೆ ನಿಂತು ಅದನ್ನು ನಡೆಸುವ ಶಕ್ತಿಯೊಂದು ಇಲ್ಲದಿದ್ದರೆ ಬರಹ ನಿಷ್ಫಲ. ಆದರೆ ನಿಯಮವಿದ್ದಲ್ಲಿ, ಮುರಿದವನು ಯಾರೆಂಬುದು ಉಳಿದವರಿಗೆ ತಿಳಿಯುತ್ತದೆ. ಅವರು ಒಂದಾಗಲು ಕಾರಣ ಸಿಗುತ್ತದೆ. ನಿಯಮವಿಲ್ಲದಲ್ಲಿ ಪ್ರತಿಯೊಬ್ಬನೂ ತಾನೇ ನ್ಯಾಯವಂತನೆಂದು ನಂಬಿ ಹೋರಾಡುತ್ತಾನೆ. ಬಿಜಾಪುರದಲ್ಲಿ ನಡೆದದ್ದು ಈ ಎರಡನೆಯದು.

೫

ಅಂದಿನ ಪಾಲಕರಿಗೆ ಇಲ್ಲದಿದ್ದ ನ್ಯಾಯಾಲಯವು ಇಂದಿನ ಮುಖತ್ಯಾರರಿಗೆ ಇದೆ. ಆದರೂ ಕೊರತೆ ಪೂರ್ತಿ ತುಂಬಿಲ್ಲವೆಂಬುದನ್ನು ನಮ್ಮ ವಿದ್ಯಾರ್ಥಿಗಳು ತಿಳಿದಿರಬೇಕು. ೧೮೭೨ರ ಭಾರತೀಯ ಕರಾರು ಅಧಿನಿಯಮದ ೨೦೧ನೆಯ ಕಲಮಿನಂತೆ ಅಧಿಕಾರ ಕೊಟ್ಟವನು ಸತ್ತರೆ ಅಥವಾ ಬುದ್ಧಿಸ್ವಾಸ್ಥ್ಯ ಕಳೆದುಕೊಂಡರೆ ಪ್ರತಿನಿಧಿಯ ಅಧಿಕಾರವೂ ಮುಗಿಯುತ್ತದೆ. ಅಂದರೆ ಸಾಮಾನ್ಯ ಮುಖತ್ಯಾರ ಪತ್ರವು ಅತ್ಯಂತ ಬೇಕಾದ ಗಳಿಗೆಯಲ್ಲಿಯೇ ಬಲಹೀನವಾಗುತ್ತದೆ. ಮುಪ್ಪಿನಲ್ಲಿ ಅರಿವು ಹೋದ ಮೇಲೂ ಬಾಳುವ ಶಾಶ್ವತ ಮುಖತ್ಯಾರ ಪತ್ರವು ನಮ್ಮಲ್ಲಿಲ್ಲ. ಎಚ್ಚರ ತಪ್ಪಿ ಮಲಗಿದ ರೋಗಿಗಳಿಗೆ ಪಾಲಕರನ್ನು ಉಚ್ಚ ನ್ಯಾಯಾಲಯಗಳೇ ನೇಮಿಸಬೇಕಾಗಿ ಬಂದಿದೆ. ಕೇರಳದ ಉಚ್ಚ ನ್ಯಾಯಾಲಯವು ೨೦೧೯ರಲ್ಲಿ ಇದಕ್ಕೆ ಮಾರ್ಗಸೂಚಿಗಳನ್ನು ಹಾಕಿಕೊಟ್ಟಿತು.

ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ ೨೦೦೫ರ ಮಾನಸಿಕ ಸಾಮರ್ಥ್ಯ ಅಧಿನಿಯಮವು ಇಂಥ ಶಾಶ್ವತ ಪತ್ರಕ್ಕೆ ಅವಕಾಶ ಕೊಟ್ಟಿದೆ. ಅಲ್ಲಿ ಹಲವರನ್ನು ನೇಮಿಸುವವನು ಮೂರು ಬಗೆಗಳಲ್ಲಿ ಒಂದನ್ನು ಆರಿಸಿಕೊಳ್ಳಬಹುದು: ಎಲ್ಲರೂ ಕೂಡಿಯೇ ನಡೆಯಬೇಕು; ಕೂಡಿಯೂ ನಡೆಯಬಹುದು, ಬಿಡಿಯಾಗಿಯೂ ನಡೆಯಬಹುದು; ಕೆಲವು ವಿಷಯಗಳಲ್ಲಿ ಮಾತ್ರ ಕೂಡಿ, ಉಳಿದವುಗಳಲ್ಲಿ ಬಿಡಿಯಾಗಿಯೂ ನಡೆಯಬಹುದು. ಏನನ್ನೂ ಹೇಳದಿದ್ದರೆ ಎಲ್ಲರೂ ಕೂಡಿಯೇ ನಡೆಯಬೇಕೆಂದು ಕಾನೂನು ಭಾವಿಸುತ್ತದೆ. ಕೂಡಿಯೇ ನಡೆಯಬೇಕೆಂದಾಗ ಒಬ್ಬನು ಸತ್ತರೆ, ಬದಲಿಯನ್ನು ಹೆಸರಿಸದಿದ್ದಲ್ಲಿ, ಉಳಿದವರ ಅಧಿಕಾರವೂ ನಿಂತುಹೋಗುವ ಅಪಾಯವಿದೆ. ಬಿಡಿಯಾಗಿ ನಡೆಯಬಹುದೆಂದಾಗ ಒಬ್ಬನು ಮತ್ತೊಬ್ಬನಿಗೆ ತಿಳಿಸದೆ ವ್ಯವಹರಿಸುವ ಅಪಾಯವಿದೆ. ಮೂರನೆಯ ಬಗೆಯು ೧೬೭೨ರ ಹಂಚಿಕೆಯು ಆಗಬಹುದಾಗಿದ್ದ ರೂಪವೆಂದರೆ ಅತಿಶಯೋಕ್ತಿಯಲ್ಲ.

ನಮ್ಮ ಕಾನೂನಿನಲ್ಲಿಯೂ ಈ ವಿವೇಕವು ಅಲ್ಲಲ್ಲಿ ಚದುರಿದೆ. ೧೮೮೨ರ ನ್ಯಾಸ ಅಧಿನಿಯಮವು, ನ್ಯಾಸಪತ್ರ ಬೇರೆ ಹೇಳದಿದ್ದರೆ, ನ್ಯಾಸಧಾರಿಗಳೆಲ್ಲ ಕೂಡಿಯೇ ನಡೆಯಬೇಕೆನ್ನುತ್ತದೆ. ೧೮೯೦ರ ಪಾಲಕ ಮತ್ತು ಪಾಲ್ಯ ಅಧಿನಿಯಮದಂತೆ ಜಂಟಿ ಪಾಲಕರಲ್ಲಿ ಒಬ್ಬನು ಸತ್ತರೆ, ನ್ಯಾಯಾಲಯವು ಹೊಸಬನನ್ನು ನೇಮಿಸುವವರೆಗೆ ಪಾಲಕತ್ವವು ಉಳಿದವರಲ್ಲಿ ಮುಂದುವರಿಯುತ್ತದೆ. ೨೦೧೭ರ ಮಾನಸಿಕ ಆರೋಗ್ಯ ಆರೈಕೆ ಅಧಿನಿಯಮವು ಪ್ರತಿನಿಧಿಗಳನ್ನು ಆದ್ಯತೆಯ ಕ್ರಮದಲ್ಲಿ ಹೆಸರಿಸಲು ಹೇಳುತ್ತದೆ. ಆದರೆ ಅದು ಚಿಕಿತ್ಸೆಗೆ ಮಾತ್ರ ಸಂಬಂಧಿಸಿದ್ದು. ಕರ್ನಾಟಕ ಸರಕಾರವು ೨೦೨೫ರ ಜನವರಿಯಲ್ಲಿ ಹೊರಡಿಸಿದ ಸುತ್ತೋಲೆಯಂತೆ ಮುಂಗಡ ವೈದ್ಯಕೀಯ ನಿರ್ದೇಶನ ಬರೆಯುವವನು ಕನಿಷ್ಠ ಇಬ್ಬರನ್ನು ಹೆಸರಿಸಬೇಕು. ಇಬ್ಬರನ್ನು ಹೆಸರಿಸುವ ಲೇಖನಿಯು, ಅವರಲ್ಲಿ ಭೇದ ಬಂದರೆ ಯಾರ ಮಾತು ನಡೆಯಬೇಕೆಂಬುದನ್ನೂ ಬರೆದಿಡುವುದು ಒಳ್ಳೆಯದು. ಇಂಥ ಎಲ್ಲ ಪತ್ರಗಳಲ್ಲಿಯೂ ನಾಲ್ಕು ಮಾತುಗಳಿರಬೇಕು: ಯಾವ ಕೆಲಸಕ್ಕೆ ಎಲ್ಲರ ಸಹಿ, ಯಾವುದಕ್ಕೆ ಒಬ್ಬನದು ಸಾಕು, ಒಬ್ಬನು ಇಲ್ಲವಾದರೆ ಯಾರು, ಲೆಕ್ಕ ಯಾರಿಗೆ.

ತಿಕೋಟಾ ಭಾಗದ ದ್ರಾಕ್ಷಿ ತೋಟಗಳ, ಬಬಲೇಶ್ವರ ಭಾಗದ ನೀರಾವರಿ ಹೊಲಗಳ ಒಡೆಯರಲ್ಲಿ ಬಹಳ ಮಂದಿಯ ಮಕ್ಕಳು ಇಂದು ಬೆಂಗಳೂರು, ಪುಣೆ, ಪರದೇಶಗಳಲ್ಲಿದ್ದಾರೆ. ದ್ರಾಕ್ಷಿಗೆ ಔಷಧಿ ಹೊಡೆಯುವ ದಿನದ ಖರ್ಚಿಗೆ ಪುಣೆಯ ಸಹಿ ಬರುವವರೆಗೆ ಕಾಯಲಾಗದು. ಹೊಲ ಮಾರುವ ಕಾಗದಕ್ಕೆ ಊರಲ್ಲಿದ್ದವನ ಒಂದೇ ಸಹಿ ಸಾಲದು. ಇಷ್ಟನ್ನು ಎರಡು ಸಾಲಿನಲ್ಲಿ ಬರೆದಿಟ್ಟಿದ್ದರೆ, ಕಾನೂನಿನ ಕೊರತೆಯು ಹಾಗೆಯೇ ಉಳಿದರೂ, ನಮ್ಮ ಬಂಧುಗಳ ಮಕ್ಕಳ ನಡುವೆ ಮಾತಾದರೂ ಉಳಿಯುತ್ತಿತ್ತು.

೬

ವಿಜಯಪುರದ ಜೋಡ ಗುಮ್ಮಟಗಳಲ್ಲಿ ಒಂದರೊಳಗೆ ಖವಾಸಖಾನನು ತನ್ನ ತಂದೆ ಖಾನ ಮುಹಮ್ಮದನ ಜೊತೆಗೆ ಮಲಗಿದ್ದಾನೆ. ಅವನ ಪಾಲನೆಯಲ್ಲಿದ್ದ ಸಿಕಂದರನು ಮೊಗಲರ ಸೆರೆಯಲ್ಲಿ ೧೭೦೦ರಲ್ಲಿ ತೀರಿಕೊಂಡು ಇದೇ ನಗರದಲ್ಲಿ ಗುಮ್ಮಟವಿಲ್ಲದ ಸಾದಾ ಗೋರಿಯಲ್ಲಿದ್ದಾನೆ. ಈ ಎರಡನ್ನು ನೋಡಿದವರಿಗೆ ಪಾಲಕನ ಲೋಭದ ಕಥೆಯೇ ಮೊದಲು ನೆನಪಾಗುವುದು ಸ್ವಾಭಾವಿಕ. ಆ ಕಥೆ ಸುಳ್ಳಲ್ಲ, ಆದರೆ ಅಪೂರ್ಣ. ಸಂಖ್ಯೆ ಒಂದಿದ್ದಾಗ ಕಮಾಲಖಾನನು ಬಂದನು. ನಾಲ್ಕಿದ್ದಾಗ ಖವಾಸಖಾನ, ಬಹಲೋಲಖಾನರು ಬಂದರು. ಆದುದರಿಂದ ಎಷ್ಟು ಜನರಿಗೆ ಕೊಟ್ಟರೆಂಬುದಕ್ಕಿಂತ ಯಾವ ಕರಾರಿನ ಮೇಲೆ ಕೊಟ್ಟರೆಂಬುದನ್ನೇ ಇತಿಹಾಸದ ವಿದ್ಯಾರ್ಥಿಯು ಮೊದಲು ಕೇಳಬೇಕು. ಆದಿಲಶಾಹಿ ಪಾಲಕತ್ವಗಳನ್ನು ಈ ಪ್ರಶ್ನೆಯೊಡನೆ ಮೂಲ ಫಾರಸಿ ಗ್ರಂಥಗಳಿಂದ ಮತ್ತೊಮ್ಮೆ ಪರಿಶೀಲಿಸುವ ಕಾರ್ಯವು ನಮ್ಮ ತರುಣ ಸಂಶೋಧಕರನ್ನು ಕಾದಿದೆ. ಪಾಲಕರನ್ನು ಹಳಿಯುವುದು ಮು೦ದೆಯೂ ಆದೀತು. ಅವರ ಕೈಗೆ ಕೊಟ್ಟ ಕಾಗದವನ್ನು ಓದುವುದು ಮೊದಲು ಆಗಬೇಕು.